ನಂಬರು ಬೀಳದ ದೂರು

ಆ ವರ್ಷ ನಮಗೆ ಬಂದ ಆದೇಶ ಒಂದೇ ಪುಟದ್ದು. ಪೊಲೀಸ್ ಠಾಣೆಗಳು ಪ್ರತಿ ತಿಂಗಳು ಮೇಲಕ್ಕೆ ಕಳಿಸುವ ಅಪರಾಧಗಳ ತಖ್ತೆ ಠಾಣೆಯ ಪುಸ್ತಕಕ್ಕೆ ಹೊಂದುತ್ತದೆಯೇ, ಪುಸ್ತಕ ಊರಲ್ಲಿ ನಡೆದದ್ದಕ್ಕೆ ಹೊಂದುತ್ತದೆಯೇ, ಇವೆರಡನ್ನು ನೋಡಿ ಮೂರು ತಿಂಗಳಲ್ಲಿ ವರದಿ ಕೊಡಬೇಕು. ಮೊದಲನೆಯದು ಕೂಡಿಸಿ ಕಳೆಯುವ ಕೆಲಸ. ಎರಡನೆಯದನ್ನು ಹೇಗೆ ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ವ್ಯಕ್ತಿಗಳ ಹೆಸರು ಬೇಕಾಗಿಲ್ಲ, ಸಂಖ್ಯೆ ಸಾಕು ಎಂದು ಮಾತ್ರ ಕೊನೆಯ ಸಾಲಿನಲ್ಲಿತ್ತು.

ತಂಡ ಎಂದರೆ ಇಬ್ಬರೇ. ಮುಖ್ಯಸ್ಥರು ಇಪ್ಪತ್ತು ವರ್ಷ ಸರ್ಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆ ನಡೆಸಿ ಕಚೇರಿ ಕೆಲಸಕ್ಕೆ ಬಂದಿದ್ದ ವಕೀಲರು. ಮಾತು ಬಿರುಸು, ಫೈಲು ಚೊಕ್ಕಟ. ನಾನು ಸಂಖ್ಯಾಶಾಸ್ತ್ರ ಓದಿ ರಾಯಚೂರಿನ ಕಚೇರಿಗೆ ಸೇರಿ ಎರಡನೆಯ ವರ್ಷ. ಜನರೊಡನೆ ಹೆಚ್ಚು ಮಾತಾಡಬೇಕಾಗಿಲ್ಲ ಎಂದೇ ಆ ಕೆಲಸ ಆರಿಸಿಕೊಂಡಿದ್ದೆ. ಹೆಸರು ಬೇಡ, ಸಂಖ್ಯೆ ಸಾಕು ಎಂಬ ಸಾಲು ನನಗೆ ಹಿಡಿಸಿತು.

ಎರಡನೆಯ ಪ್ರಶ್ನೆಗೆ ದಾರಿ ತೋರಿಸಿದವರು ಮುಖ್ಯಸ್ಥರು. ಹೊಡೆತ ತಿಂದವರು ಸರ್ಕಾರಿ ಆಸ್ಪತ್ರೆಗೆ ಬಂದರೆ ಡಾಕ್ಟರು ಅವರ ವಿವರವನ್ನು ಬೇರೆಯೇ ಒಂದು ಪುಸ್ತಕದಲ್ಲಿ ಬರೆಯುತ್ತಾರೆ: ಹೆಸರು, ಊರು, ಗಾಯ ಎಲ್ಲಿ, ಎಷ್ಟು ಉದ್ದ, ಯಾರು ಕರೆತಂದರು. ಠಾಣೆಯಿಂದ ಬಂದವರಾದರೆ ಅವರ ಕೈಯಲ್ಲಿ ಒಂದು ಯಾದಿ ಇರುತ್ತದೆ. ಇವರನ್ನು ಪರೀಕ್ಷಿಸಿ ಗಾಯದ ಪ್ರಮಾಣಪತ್ರ ಕೊಡಿ ಎಂದು ಠಾಣೆಯ ಮೊಹರು ಹಾಕಿದ ಚೀಟಿ ಅದು. ಆಸ್ಪತ್ರೆಯವರು ಅದನ್ನು ಫೈಲು ಮಾಡಿ ಇಡುತ್ತಾರೆ.

“ಠಾಣೇದವರು ತಮ್ಮ ಪುಸ್ತಕ ತಿದ್ದಬಹುದು, ತಂಗಿ. ಡಾಕ್ಟರ ಪುಸ್ತಕ ತಿದ್ದಾಕ ಬರಂಗಿಲ್ಲ,” ಎಂದರು ಮುಖ್ಯಸ್ಥರು.

ಆಸ್ಪತ್ರೆಯ ಪುಸ್ತಕದಲ್ಲಿರುವ ಒಂದೊಂದು ಗಾಯಕ್ಕೂ ಠಾಣೆಯ ಪುಸ್ತಕದಲ್ಲಿ ಅಪರಾಧ ಸಂಖ್ಯೆ ಇದೆಯೇ ಎಂದು ನೋಡುವುದೆಂದು ಗೊತ್ತುಮಾಡಿಕೊಂಡೆವು. ಇದ್ದರೆ ಟಿಕ್ಕು, ಇಲ್ಲದಿದ್ದರೆ ಸೊನ್ನೆ.

ಮೊದಲು ದೇವದುರ್ಗಕ್ಕೆ ಹೋದೆವು. ಐದು ದಿನ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ಕೂತು ಗಾಯಕ್ಕೊಂದರಂತೆ ಕಾರ್ಡು ಬರೆದೆ. ಠಾಣೆಗೆ ಹೋಗಿ ಹೊಂದಿಸಿ ನೋಡಿದರೆ ಹದಿನಾಲ್ಕು ಕಾರ್ಡುಗಳಿಗೆ ಸಂಖ್ಯೆ ಸಿಗಲಿಲ್ಲ. ಹದಿನಾಲ್ಕು ಅಪರಾಧಗಳನ್ನು ಮುಚ್ಚಿಡಲಾಗಿದೆ ಎಂದು ಕರಡು ಬರೆದೆ. ಬರೆಯುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅಲ್ಲಿಯ ಹಿರಿಯ ಜಮಾದಾರರು ಕರಡು ಓದಿ, ಸಿಟ್ಟಾಗದೆ, ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು.

“ಇದು ಹೊಳಿ ಆಚಿ ಊರು. ಇದೂ ಆಚಿದೇ. ಇದು ಲಿಂಗಸುಗೂರು ಕಡೀದು. ಅವರಿಗೆ ನಮ್ಮ ದವಾಖಾನಿ ಸಮೀಪ, ಇಲ್ಲಿಗೆ ಬರ್ತಾರ. ಹೊಡದಾಡಿದ್ದು ಅಲ್ಲಿ, ಹೊಲಿಗಿ ಹಾಕಿದ್ದು ಇಲ್ಲಿ. ದವಾಖಾನಿಗೆ ಹದ್ದು ಇಲ್ರಿ ಮೇಡಂ, ಠಾಣಾಕ್ಕ ಅದ.”

ಅವರು ಹೇಳಿದ್ದು ಸರಿಯಾಗಿತ್ತು. ಹದಿನಾಲ್ಕೂ ಬೇರೆ ಠಾಣೆಗಳ ಹದ್ದಿನವು. ಅಲ್ಲಿಗೆಲ್ಲ ಪತ್ರ ಬರೆದು ಕೇಳಿದಾಗ ಎಲ್ಲಕ್ಕೂ ಸಂಖ್ಯೆ ಬಿದ್ದಿರುವುದು ತಿಳಿಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಮುಖ್ಯಸ್ಥರು, “ಆ ಕಾಗದ ಮ್ಯಾಲ ಹೋಗಿತ್ತಂದ್ರ ಒಬ್ಬ ನಿಯತ್ತಿನ ಮನಷ್ಯಾನ ನೌಕರಿ ಮ್ಯಾಲ ಕಲ್ಲು ಹಾಕಿದಂಗ ಆಗ್ತಿತ್ತು,” ಎಂದರು. ಮನೆಗೆ ಬಂದು ಕಾರ್ಡಿನಲ್ಲಿ ಎರಡು ಅಂಕಣ ಹೆಚ್ಚಿಸಿದೆ: ಘಟನೆ ನಡೆದ ಸ್ಥಳ, ಅದು ಯಾವ ಠಾಣೆಯ ಹದ್ದು. ಸೊನ್ನೆ ಎಂದರೆ ಅಪರಾಧ ಮುಚ್ಚಿಟ್ಟಂತಲ್ಲ, ನನಗೆ ಇನ್ನೂ ತಿಳಿದಿಲ್ಲ ಎಂದಷ್ಟೇ ಅರ್ಥ ಎಂಬುದನ್ನು ಆ ಹದಿನಾಲ್ಕು ಕಾರ್ಡುಗಳಿಂದ ಕಲಿತೆ.

ಅನಂತರ ಮಾನ್ವಿ ತಾಲ್ಲೂಕು. ಅಲ್ಲಿ ನಮಗೆ ಬಂದ ಠಾಣೆಯ ಹೆಸರನ್ನು ಬರೆಯುವುದಿಲ್ಲ. ಕಾಲುವೆ ನೀರು ಬಂದಮೇಲೆ ಅತ್ತ ಎರಡೂ ಬದಿ ಬರೀ ನೆಲ್ಲು. ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹಿಡಿದು ಸಂಜೆ ಕವಿತಾಳದ ಕಡೆಯಿಂದ ಬರುವ ಬಸ್ಸಿಗೆ ತಿರುಗಿ ಬರುತ್ತಿದ್ದೆ. ಠಾಣೆಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಹಾಗಾಗಿ ಬೆಳಿಗ್ಗೆ ನೀರು ಕುಡಿಯುವುದನ್ನು ಬಿಟ್ಟಿದ್ದೆ. ಹೊಸದಾಗಿ ವರ್ಗವಾಗಿ ಬಂದಿದ್ದ ಫೌಜದಾರರು ನಮ್ಮನ್ನು ಮರ್ಯಾದೆಯಿಂದ ಕೂರಿಸಿ, “ಎಲ್ಲಾ ರೈಟರ್ ಸಾಹೇಬರ ಕೈಯಾಗ ಅದರಿ,” ಎಂದು ಹೇಳಿ ಹೊರಟುಹೋದರು.

ರೈಟರ್ ಎಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್. ಬಿಳಿ ಗಡ್ಡ, ದಪ್ಪ ಗಾಜಿನ ಕನ್ನಡಕ. ನಿಜಾಮರ ಕಾಲದಲ್ಲಿ ಹುಡುಗನಾಗಿ ಪೊಲೀಸು ಸೇರಿದವರು, ನಾಲ್ಕು ತಿಂಗಳಲ್ಲಿ ನಿವೃತ್ತಿ. ಅವರ ಉರ್ದು ಅಕ್ಷರ ಗೀಚಿದಷ್ಟು ಬೇಗ ಓಡುತ್ತಿತ್ತು. ರಾಜ್ಯ ಒಂದಾದ ಮೇಲೆ ಕಲಿತ ಕನ್ನಡವನ್ನು ಮಾತ್ರ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದರು.

ಅಲ್ಲಿಯ ಆಸ್ಪತ್ರೆಯ ಪುಸ್ತಕದಲ್ಲಿ ಎರಡು ವರ್ಷದ ಗಾಯಗಳು ನೂರಕ್ಕೂ ಹೆಚ್ಚಿದ್ದವು. ಎಲ್ಲವನ್ನೂ ಹೊಂದಿಸಲು ಸಮಯವಿಲ್ಲವೆಂದು ಐದಕ್ಕೊಂದು ಕಾರ್ಡು ತೆಗೆದೆ. ತೆಗೆದದ್ದರಲ್ಲಿ ಮೂರಕ್ಕೆ ಸಂಖ್ಯೆ ಇರಲಿಲ್ಲ. ಮೂರೂ ಆ ಠಾಣೆಯ ಹದ್ದಿನವೇ. ಆಸ್ಪತ್ರೆಯಿಂದ ಅವುಗಳ ಯಾದಿ ತರಿಸಿ ನೋಡಿದೆ. ಠಾಣೆಯ ಮೊಹರು ಇತ್ತು, ಅಪರಾಧ ಸಂಖ್ಯೆಯ ಜಾಗ ಖಾಲಿ ಇತ್ತು. ಆದರೆ ಮೇಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಉರ್ದುವಿನಲ್ಲಿ ಏನೋ ಬರೆದಿತ್ತು. ಮೂರರಲ್ಲೂ ಇತ್ತು. ಕಚೇರಿಯ ಹಳೆಯ ಗುಮಾಸ್ತರೊಬ್ಬರಿಗೆ ತೋರಿಸಿದೆ. ಅಂಕಿಗಳು ಎಂದರು. ಅಂದರೆ ಎಲ್ಲೋ ಇನ್ನೊಂದು ಪುಸ್ತಕವಿದೆ, ಈ ಗಾಯಗಳಿಗೆ ಅದರಲ್ಲಿ ಕ್ರಮಸಂಖ್ಯೆ ಇದೆ.

ಇದನ್ನು ರೈಟರ್ ಅವರಲ್ಲಿ ಕೇಳಬೇಕೆಂದುಕೊಂಡು ಹೋದ ದಿನ ಸಂತೆ. ಠಾಣೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಲವತ್ತರ ಹತ್ತಿರದ ವಯಸ್ಸು. ಕೈ ಕಾಲಿನ ಬೆರಳ ಸಂದುಗಳೆಲ್ಲ ನಾಟಿಯ ಕೆಸರಿನಿಂದ ಬಿರಿದಿದ್ದವು. ನನ್ನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿ ಎದ್ದು ನಿಂತಳು.

“ಯವ್ವಾ, ಪುಸ್ತಕಾ ನೋಡಾಕ ಬಂದೋರು ನೀವೇನ್ರಿ?”

ಹೌದೆಂದೆ.

“ನಂದೊಂದ್ ನಂಬರ್ ನೋಡಿ ಹೇಳ್ರಿ. ಹತ್ತು ತಿಂಗಳಾತು. ಸಂತಿಗೆ ಬಂದಾಗೆಲ್ಲ ಕೇಳ್ತೀನಿ. ‘ನಡದದ, ನಡದದ’ ಅಂತಾರ. ಎಲ್ಲಿ ನಡದದ ಅಂತ ಯಾರೂ ಹೇಳವಲ್ರು.”

ಅವಳು ಹೇಳಿದ್ದು ಇಷ್ಟು. ಕಾಲುವೆ ಬದಿಯ ಅವಳ ಊರಿನಲ್ಲಿ ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ಅವಳ ಓಣಿಯವರು ಕೆಳಗೆ, ದನ ತೊಳೆಯುವ ಕಡೆ ತುಂಬಿಕೊಳ್ಳಬೇಕು. ಅಂದು ಕೆಳಗೆ ಕೆಸರೆದ್ದಿತ್ತೆಂದು ಅವಳು ಮೆಟ್ಟಿಲಲ್ಲಿ ತುಂಬಿದಳು. ಊರಿನ ಒಬ್ಬ ರೈತ ಜಾತಿ ಹಿಡಿದು ಬೈದು, ಕೆನ್ನೆಗೆ ಹೊಡೆದು ನೂಕಿದ. ಹಣೆ ಕಲ್ಲಿಗೆ ಬಡಿದು ಒಡೆಯಿತು, ಎರಡು ಹೊಲಿಗೆ ಬಿದ್ದವು. ಅದೇ ದಿನ ಠಾಣೆಗೆ ಬಂದು ಎಲ್ಲ ಹೇಳಿದ್ದಳು.

“ಹೊಡದಾವ ದಿನಾ ಹಾದ್ಯಾಗ ಸಿಗ್ತಾನ್ರಿ. ‘ಏನಾತಬೇ ನಿನ್ನ ಕೇಸು? ಪುಸ್ತಕಕ್ಕ ಗೆದ್ದಲ ಹತ್ತೇನು?’ ಅಂತ ನಗ್ತಾನ. ನಾ ಏನ್ ಹೇಳ್ಲಿ? ನಮ್ ಓಣಿ ಹೆಣ್ಮಕ್ಕಳು ಈಗ ಮೆಟ್ಟಿಲ ಕಡಿ ಹಾಯೋದೇ ಇಲ್ಲ. ‘ಮೊದಲ ನಿಂದೊಂದು ಬಗಿಹರೀಲಿ’ ಅಂತಾರ.”

ನಾನು ಪಡಸಾಲೆಯಲ್ಲೇ ನಿಂತು ಕಾರ್ಡು ತಿರುವಿದೆ. ಅವಳದು ಇತ್ತು. ಆಸ್ಪತ್ರೆಯ ಪುಸ್ತಕದ ಪ್ರಕಾರ ಹಣೆಯ ಎಡಗಡೆ ಒಂದೂವರೆ ಅಂಗುಲದ ಸಾಮಾನ್ಯ ಗಾಯ, ಪೊಲೀಸ್ ಜವಾನನೊಂದಿಗೆ ಬಂದಳು. ಆದರೆ ಐದಕ್ಕೊಂದರ ಎಣಿಕೆಯಲ್ಲಿ ಅವಳ ಕಾರ್ಡು ಬಂದಿರಲಿಲ್ಲ. ಅವಳ ಹಿಂದಿನದು ಬಂದಿತ್ತು. ಅವಳು ನಾನು ಪರೀಕ್ಷಿಸಬೇಕಾದವರಲ್ಲಿ ಒಬ್ಬಳಾಗಿರಲಿಲ್ಲ.

“ನೋಡಿ ಹೇಳ್ತೀನಿ,” ಎಂದೆ. ಅವಳು ಅದನ್ನೂ ಬಹಳ ಸಲ ಕೇಳಿದ್ದಳೆಂದು ಕಾಣುತ್ತದೆ. ಸುಮ್ಮನೆ ತಲೆಯಾಡಿಸಿ ಚೀಲ ಎತ್ತಿಕೊಂಡು ಸಂತೆಯ ಕಡೆ ಹೋದಳು.

ಆ ಸಂಜೆ ಬಸ್ ನಿಲ್ದಾಣದಲ್ಲಿ ಮುಖ್ಯಸ್ಥರಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, “ಘಟನೆ ಆಗಿ ಎಷ್ಟು ದಿನಾತು?” ಎಂಬುದು. ಹತ್ತು ತಿಂಗಳು ಮತ್ತು ಕೆಲವು ದಿನ ಎಂದಾಗ ಅವರ ಮುಖ ಗಂಭೀರವಾಯಿತು. ಹೊಸ ದಂಡ ಪ್ರಕ್ರಿಯಾ ಸಂಹಿತೆ ಬಂದು ಆಗ ಐದಾರು ವರ್ಷವಾಗಿತ್ತು. ಅದರಲ್ಲಿ ಸಣ್ಣ ಅಪರಾಧಗಳಿಗೆ ಅವಧಿ ಹಾಕಿದ್ದರು. ಇಂಥ ಹೊಡೆತಕ್ಕೂ ಅಸ್ಪೃಶ್ಯತೆಯ ಅಪರಾಧಕ್ಕೂ ಒಂದು ವರ್ಷ. ಅಷ್ಟರೊಳಗೆ ಪೊಲೀಸರು ದೂರು ದಾಖಲಿಸಿ, ತನಿಖೆ ಮುಗಿಸಿ, ದೋಷಾರೋಪಣ ಪಟ್ಟಿಯನ್ನು ಕೋರ್ಟಿಗೆ ಮುಟ್ಟಿಸಬೇಕು. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗಿದೆ. ಆದರೆ ಮನ್ನಿಸಿ ಎಂದು ಕೇಳಲು ಅವಳ ಪರವಾಗಿ ಯಾರಿದ್ದರು? ವರ್ಷ ತುಂಬಲು ಉಳಿದದ್ದು ಏಳು ವಾರ.

“ಆಕೆಯ ಕಾರ್ಡನ್ನೂ ಸೇರಿಸಬೇಕು, ಸರ್.”

“ಐದಕ್ಕೊಂದು ಅಂತ ಹೇಳಿದಾಕಿ ನೀನ. ಒಬ್ಬಾಕಿ ಬಂದು ಅತ್ತಳಂತ ಆಕಿ ಕಾರ್ಡ್ ತುರುಕಿದ್ರ ನಿನ್ನ ಶಾಸ್ತ್ರದಾಗ ಅದಕ್ಕೇನಂತಾರ?”

“ಆಕೆ ಅಳಲಿಲ್ಲ, ಸರ್.”

ಅವರು ನನ್ನ ಮುಖ ನೋಡಿದರು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಪಡಸಾಲೆಯಲ್ಲಿ ಕೂತು ಕಾಯುವಷ್ಟು ಗಟ್ಟಿಯಾದವಳು ಕಣ್ಣಿಗೆ ಬಿದ್ದಳೆಂದು ಅವಳನ್ನು ಸೇರಿಸಿದರೆ, ಠಾಣೆಗೆ ಬರುವುದನ್ನೇ ಬಿಟ್ಟವರು ಹೊರಗೆ ಉಳಿಯುತ್ತಾರೆ. ನನ್ನ ಅಂಕಿಯನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಮೊದಲು ಬೀಳುವುದು ಅವಳ ಕಾರ್ಡೇ. ದೇವದುರ್ಗದಲ್ಲಿ ಅವಸರ ಮಾಡಿದ್ದು ನೆನಪಿತ್ತು. ಬಸ್ಸು ಬರುವಷ್ಟರಲ್ಲಿ ನಾನು ಬೇರೆ ಮಾತು ಹೇಳಿದೆ: “ಐದಕ್ಕೊಂದು ಬಿಟ್ಟುಬಿಡೋಣ. ನೂರನ್ನೂ ನೋಡೋಣ. ಯಾರನ್ನೂ ಆರಿಸುವುದು ಬೇಡ.”

“ಎಷ್ಟು ದಿನ ಹಿಡೀತದ?”

“ಆರು. ಭಾನುವಾರವೂ ಬರುತ್ತೇನೆ.”

“ನಿಮ್ಮ ಮನ್ಯಾಗ ನನಗ ಬೈತಾರ,” ಎಂದರು. ಒಪ್ಪಿದರೆಂದು ತಿಳಿದುಕೊಂಡೆ.

ಮರುದಿನ ರೈಟರ್ ಅವರ ಮುಂದೆ ಮೂರು ಯಾದಿ ಇಟ್ಟು, ಮೂಲೆಯ ಅಂಕಿ ಯಾವ ಪುಸ್ತಕದ್ದೆಂದು ಕೇಳಿದೆ.

“ಅದು ನನ್ನ ಖಾಸಗೀರಿ,” ಎಂದರು.

“ಯಾದಿ ಸರ್ಕಾರದ್ದು. ಅದರ ಮೇಲಿನ ಅಂಕಿ ಖಾಸಗಿ ಹೇಗಾಗುತ್ತದೆ?”

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು, ತಮ್ಮ ತಗಡಿನ ಟ್ರಂಕಿನ ಬೀಗ ತೆಗೆದು, ಬಟ್ಟೆಯ ರಟ್ಟಿನ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟರು. ಬಲದಿಂದ ಎಡಕ್ಕೆ ತುಂಬ ಒತ್ತಾಗಿ ಬರೆದ ಉರ್ದು. ಕೆಲವು ಕಲಮಿನ ಮೇಲೆ ಅಡ್ಡ ಗೆರೆ.

“ಇದು ಕಚ್ಚಾ ಬುಕ್ಕು. ನಮ್ಮ ಉಸ್ತಾದರು ಕಲಿಸಿದ ಪದ್ಧತಿ. ದೂರು ಬಂತು, ಇದರಾಗ ಬರೀಬೇಕು. ಹದಿನೈದು ದಿನ ತಡೀಬೇಕು. ಊರಾಗಿನ ಹಿರೇರು ಕೂಡಿಸಿ ರಾಜಿ ಮಾಡಿದ್ರು ಅಂದ್ರ ಒಂದ್ ಗೆರಿ. ಆಗ್ಲಿಲ್ಲ ಅಂದ್ರ ನಂಬರ್ ಹಾಕಿ ಪಕ್ಕಾ ಬುಕ್ಕಿಗೆ ತಗೋಬೇಕು. ಕೋರ್ಟಿಗೆ ಅಡ್ಯಾಡಿ ಬಡವರು ಮನಿ ಕಳಕೋಬಾರದು ನೋಡ್ರಿ, ಅದಕ್ಕ.”

“ಇಂಥ ದೂರು ಬಂದ ಕೂಡಲೇ ನಂಬರ್ ಹಾಕಬೇಕೆಂದು ಕಾನೂನು,” ಎಂದರು ಮುಖ್ಯಸ್ಥರು.

“ಕಾನೂನು ನಂಗೊತ್ತದ ಸಾಹೇಬ್ರ. ಮೂವತ್ತೈದ್ ವರ್ಷ ಯಾವ ಸಾಹೇಬ್ರೂ ಕಚ್ಚಾ ಬ್ಯಾಡ ಅಂದಿಲ್ಲ. ತಖ್ತೆದಾಗ ನಂಬರ್ ಕಡಿಮಿ ಇದ್ರ ಎಲ್ಲಾರಿಗೂ ಖುಷಿ.”

ಆ ಪುಸ್ತಕವನ್ನು ಅವರೇ ಓದಬೇಕು, ನಾನು ಬರೆದುಕೊಳ್ಳಬೇಕು. ಬೇರೆ ದಾರಿ ಇರಲಿಲ್ಲ. ಫೌಜದಾರರ ಒಪ್ಪಿಗೆ ಪಡೆದು ಪುಟಗಳಿಗೆ ಸಂಖ್ಯೆ ಹಾಕಿ, ಪ್ರತಿ ಪುಟಕ್ಕೂ ಮುಖ್ಯಸ್ಥರು ಸಹಿ ಮಾಡಿದರು. ಎರಡು ದಿನ ರೈಟರ್ ಓದಿದರು. ಉರ್ದು ನೋಡುತ್ತ ಕನ್ನಡದಲ್ಲಿ ಹೇಳುವಾಗ ದನಿ ತಗ್ಗುತ್ತಿತ್ತು. ಕೆಲವರ ಹೆಸರು ಬಂದಾಗ, “ಇವ ತೀರಿಕೊಂಡ ಪಾಪ,” ಎನ್ನುತ್ತಿದ್ದರು. ಕೆಲವಕ್ಕೆ ನಗುತ್ತಿದ್ದರು. “ಇವ್ರಿಬ್ರೂ ಅಣ್ತಮ್ಮರು. ಕೋಳಿ ಸಲುವಾಗಿ ಹೊಡದಾಡಿ, ಅದ ಕೋಳಿ ಕೊಯ್ದು ರಾಜಿ ಮಾಡ್ಕೊಂಡ್ರು. ಇದಕ್ಕೂ ನಂಬರ್ ಹಾಕ್ಲೇನ್ರಿ?”

ನನಗೆ ಉರ್ದು ಬರದು. ಅವರು ಏನನ್ನಾದರೂ ಬಿಟ್ಟು ಓದಿದರೆ ಗೊತ್ತಾಗುವುದಿಲ್ಲ. ಎರಡನೆಯ ದಿನ ಮಧ್ಯಾಹ್ನ, ಹಿಂದಿನ ದಿನ ಓದಿದ್ದ ಕಲಮುಗಳಲ್ಲಿ ಆರನ್ನು ಹಿಂದುಮುಂದು ಮಾಡಿ ಮತ್ತೆ ಓದಿಸಿದೆ. ನಾಲ್ಕನೆಯದಕ್ಕೆ ಅವರು ಬೆರಳು ಪುಟದ ಮೇಲೇ ಇಟ್ಟುಕೊಂಡು ತಲೆಯೆತ್ತಿದರು.

“ನನ್ನ ಪರೀಕ್ಷಾ ಮಾಡಾಕತ್ತೀರೇನು ಬೇಟಿ?”

“ಹೌದು.”

“ಮಾಡು. ಮಾಡಬೇಕು,” ಎಂದು ಉಳಿದ ಎರಡನ್ನೂ ಓದಿದರು. ಆರೂ ಅಕ್ಷರಶಃ ಹೊಂದಿದವು.

ಆಸ್ಪತ್ರೆಯಲ್ಲಿದ್ದು ಪಕ್ಕಾ ಪುಸ್ತಕದಲ್ಲಿಲ್ಲದ ಕಾರ್ಡುಗಳು ಒಟ್ಟು ಹನ್ನೊಂದಾದವು. ಹನ್ನೊಂದೂ ಕಚ್ಚಾ ಬುಕ್ಕಿನಲ್ಲಿದ್ದವು. ಹನ್ನೊಂದರ ಮೇಲೂ ಗೆರೆ ಇತ್ತು. ಮೆಟ್ಟಿಲ ಹೆಂಗಸಿನ ಕಲಮು ಬಂದಾಗ ರೈಟರ್ ಅದನ್ನು ಪೂರ್ತಿ ಓದಿದರು. ಅವಳು ಪಡಸಾಲೆಯಲ್ಲಿ ನನಗೆ ಹೇಳಿದ ಎಲ್ಲವೂ, ಬೈಗುಳದ ಮಾತು ಸಹಿತ, ಅದರಲ್ಲಿತ್ತು. ಕೊನೆಗೆ ಗೆರೆಯ ಕೆಳಗಿನ ಸಾಲು: ರಾಜಿಯಾಗಿದೆ, ಮೈದುನನ ಹೆಬ್ಬೆಟ್ಟು.

“ರಾಜಿಗೆ ಆಕೆ ಬಂದಿದ್ದಳೇ?” ಎಂದು ಕೇಳಿದೆ.

“ಪಂಚಾಯ್ತಿಗೆ ಹೆಂಗಸ್ರು ಬರಂಗಿಲ್ರಿ. ಹಿರೇರು ಬಂದ್ರು, ಮುಗೀತು ಅಂದ್ರು. ಮೈದುನ ಒತ್ತಿದ. ನಾ ಗೆರಿ ಎಳದೆ.”

“ಮತ್ತೆ ಸಂತೆಗೆ ಬಂದು ಆಕೆ ಕೇಳಿದಾಗ?”

ಅವರು ಆ ಗೆರೆಯ ಮೇಲೆ ಬೆರಳಾಡಿಸಿದರು.

“ಮೊದಲನೇ ಸಲ ಬಂದಾಗ ಗೊತ್ತಾತು, ಆಕಿಗೆ ಯಾರೂ ಹೇಳೇ ಇಲ್ಲ ಅಂತ. ಮಾರಿ ನೋಡಿ ಹೇಳಾಕ ನಂಗ ಆಗ್ಲಿಲ್ಲ. ನಡದದ ಅಂದೆ. ಒಮ್ಮಿ ಅಂದಮ್ಯಾಲ ಹಂಗ ಅನಕೋತ ಹೋದೆ.”

ಉಳಿದ ದಿನಗಳಲ್ಲಿ ಹನ್ನೊಂದು ಜನರನ್ನೂ ಅವರವರ ಊರಲ್ಲಿ ಕಂಡೆವು. ಆರು ಮಂದಿ ರಾಜಿಯಾದದ್ದು ನಿಜವೆಂದರು. ಐವರು ರಾಜಿಯ ಸುದ್ದಿಯನ್ನು ನಮ್ಮಿಂದಲೇ ಮೊದಲು ಕೇಳಿದರು. ಐವರೂ ಕೂಲಿಯವರು, ನಾಲ್ವರು ಹೆಂಗಸರು. ಮೆಟ್ಟಿಲ ಹೆಂಗಸು ಗದ್ದೆಯ ಬದುವಿನ ಮೇಲೆ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿದಳು. ಮೈದುನನ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಹಂಗಾರ ಇಷ್ಟ್ ದಿನಾ ನಾ ಹೇಳಿದ್ದು ಎಲ್ಲಿತ್ರಿ?” ಎಂದಳು.

“ರೈಟರ್ ಸಾಹೇಬರ ಪುಸ್ತಕದಲ್ಲಿ.”

“ಎಲ್ಲಾನೂ?”

“ಎಲ್ಲಾನೂ.”

“ಇದ್ದದ್ದ ಇಲ್ಲ ಅಂತ ನಾ ಹತ್ತು ತಿಂಗಳು ಅಡ್ಯಾಡೀನಿ,” ಎಂದಳು.

ವರದಿ ಬರೆಯಲು ಕುಳಿತಾಗ ಆದೇಶದ ಕೊನೆಯ ಸಾಲು ಎದುರಿಗಿತ್ತು. ಸಂಖ್ಯೆ ಸಾಕು. ನೂರಕ್ಕೆ ಇಷ್ಟು ದೂರುಗಳಿಗೆ ನಂಬರು ಬಿದ್ದಿಲ್ಲ ಎಂದು ಒಂದು ವಾಕ್ಯ ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಆ ವಾಕ್ಯ ಮೇಲೆ ಹೋಗಿ, ಚರ್ಚೆಯಾಗಿ, ಸುತ್ತೋಲೆಯಾಗಿ ಕೆಳಗೆ ಬರುವಷ್ಟರಲ್ಲಿ ವರ್ಷ ತುಂಬಿರುತ್ತಿತ್ತು. ನಾನು ಒಂದು ಪಟ್ಟಿ ಮಾಡಿದೆ. ಐವರ ಹೆಸರು, ಊರು, ಕಚ್ಚಾ ಬುಕ್ಕಿನ ಪುಟ, ಯಾದಿಯ ತಾರೀಖು. ಕೊನೆಗೆ ಯಾವ ನಮೂನೆಯಲ್ಲೂ ಇಲ್ಲದ ಒಂದು ಅಂಕಣ ಹಾಕಿ, ವರ್ಷ ತುಂಬುವ ದಿನ ಎಂದು ತಲೆಬರಹ ಕೊಟ್ಟೆ. ಮೂವರ ಮುಂದೆ ಆ ದಿನ ದಾಟಿಹೋಗಿದೆ ಎಂದು ಬರೆಯಬೇಕಾಯಿತು. ಒಬ್ಬರದು ಇನ್ನೂ ನಾಲ್ಕು ತಿಂಗಳಿತ್ತು. ಅವಳದು ಐದು ವಾರ.

ಮುಖ್ಯಸ್ಥರು ಪಟ್ಟಿಯನ್ನು ಎರಡು ಸಲ ಓದಿದರು.

“ಹೆಸರು ಬ್ಯಾಡ ಅಂತ ಆದೇಶ ಅದ. ನಾ ಸಹಿ ಮಾಡಿದ್ರ ಆದೇಶ ಮೀರಿದಂಗ.”

“‘ವರ್ಷ ತುಂಬದವರು ಇಬ್ಬರು’ ಎಂದಷ್ಟೇ ಬರೆದರೆ ಯಾರೂ ಅವರನ್ನು ಹುಡುಕಲಾರರು, ಸರ್.”

“ಆ ರೈಟರ್‌ಗೆ ನಾಲ್ಕು ತಿಂಗಳು ಸರ್ವಿಸ್ ಅದ. ಇದು ಹೋದ್ರ ಮೊದಲ ಅವಗ ನೋಟಿಸು.”

ಇದು ನನಗೆ ತಿಳಿದಿತ್ತು. ಅದಕ್ಕೇ ಎರಡು ದಿನ ಪಟ್ಟಿಯನ್ನು ಟೈಪಿಗೆ ಕೊಟ್ಟಿರಲಿಲ್ಲ. ಪುಸ್ತಕವನ್ನು ಸುಟ್ಟುಹಾಕಬಹುದಾಗಿದ್ದ ಮನುಷ್ಯ ಅದನ್ನು ತಾನಾಗಿ ತೆಗೆದು ಓದಿದ್ದ. ಅವರು ಸತ್ಯ ಹೇಳಿದರು ಎಂದು ವರದಿಯಲ್ಲಿ ಬರೆಯಬಹುದಿತ್ತು. ಬರೆದೂ ಬರೆದೆ. ಪಟ್ಟಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುಖ್ಯಸ್ಥರು ಸಹಿ ಮಾಡಿ, ಪಟ್ಟಿಯ ಒಂದು ಪ್ರತಿಯನ್ನು ವರದಿಗಾಗಿ ಕಾಯದೆ ಅಂದೇ ಮೇಲಧಿಕಾರಿಗಳಿಗೆ ಖುದ್ದಾಗಿ ಒಯ್ದುಕೊಟ್ಟರು. ಅಲ್ಲಿ ಏನು ಮಾತಾಯಿತೆಂದು ನನಗೆ ಹೇಳಲಿಲ್ಲ. ನಾಲ್ಕನೆಯ ದಿನ ಠಾಣೆಗೆ ಲಿಖಿತ ಆದೇಶ ಹೋಯಿತು.

ದೂರು ದಾಖಲಿಸುವಾಗ ನಾನು ಅಲ್ಲಿದ್ದೆ, ಕಚೇರಿಯ ಕೆಲಸದ ಮೇಲೆ ಅಲ್ಲ, ರಜೆ ಹಾಕಿ. ರೈಟರ್ ಕಚ್ಚಾ ಬುಕ್ಕನ್ನು ಪಕ್ಕಕ್ಕಿಟ್ಟು, ಅವಳ ಬಾಯಿಂದಲೇ ಮತ್ತೆ ಕೇಳಿ, ಕನ್ನಡದಲ್ಲಿ ನಿಧಾನವಾಗಿ ಬರೆದರು. ಬರೆದಾದ ಮೇಲೆ ಓದಿ ಹೇಳಿದರು. ತಾಮ್ರದ ಕೊಡ ಎಂಬಲ್ಲಿಗೆ ಅವಳು ತಡೆದಳು.

“ತಾಮ್ರದ್ದಲ್ರಿ. ಮಣ್ಣಿನ ಗಡಿಗಿ.”

“ಗಡಿಗಿ, ಕೊಡ, ಯಾವುದಾದ್ರೇನವ್ವ?”

“ನಮ್ಮನ್ಯಾಗ ತಾಮ್ರ ಎಲ್ಲಿಂದ ಬರಬೇಕು? ನಾಳಿ ಆತ ‘ತಾಮ್ರದ ಕೊಡ ಇತ್ತೇನಬೇ ನಿನ್ನಂತಾಕಿಗೆ’ ಅಂತ ಅದನ್ನ ಹಿಡದು ಎಲ್ಲಾ ಸುಳ್ಳು ಅಂತಾನ. ಗಡಿಗಿ ಅಂತ ಬರೀರಿ.”

ರೈಟರ್ ತಿದ್ದಿ ಬರೆದರು. ಹೆಬ್ಬೆಟ್ಟು ಒತ್ತಿಸಿಕೊಂಡು, ಹೊಸ ಕಾನೂನಿನಂತೆ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟು, ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದರು. ದೋಷಾರೋಪಣ ಪಟ್ಟಿ ಮಾನ್ವಿಯ ಕೋರ್ಟಿಗೆ ಮುಟ್ಟಿದಾಗ ವರ್ಷ ತುಂಬಲು ಒಂಬತ್ತು ದಿನ ಬಾಕಿ ಇತ್ತು. ಅಷ್ಟರಲ್ಲಿ ರೈಟರ್ ಅವರಿಗೆ ನೋಟಿಸು ಬಂದಿತ್ತು. ಒಂದು ವಾರ್ಷಿಕ ವೇತನ ಬಡ್ತಿ ಕಡಿತವಾಗಿ ನಿವೃತ್ತರಾದರು.

ವಿಚಾರಣೆಗೆ ಬರಲು ಎರಡು ವರ್ಷ ಹಿಡಿಯಿತು. ನಾನು ಕೋರ್ಟಿನ ಕೊನೆಯ ಬೆಂಚಿನಲ್ಲಿ ಕುಳಿತೆ. ಆರೋಪಿಯ ವಕೀಲರು ಗಾಯವನ್ನು ಅಲ್ಲಗಳೆಯಲಿಲ್ಲ. ಡಾಕ್ಟರರ ಪುಸ್ತಕವಿತ್ತು. ಅವರ ವಾದವೆಲ್ಲ ವಿಳಂಬದ ಮೇಲೆ. ಹೊಡೆತ ಬಿದ್ದದ್ದು ಒಂದು ದಿನ, ದೂರು ದಾಖಲಾದದ್ದು ಹನ್ನೊಂದು ತಿಂಗಳ ಮೇಲೆ. ನಡುವಿನ ಕಾಲದಲ್ಲಿ ಯಾರೋ ಹೇಳಿಕೊಟ್ಟು ಕಟ್ಟಿಸಿದ ಕೇಸಿದು ಎಂದರು. ಠಾಣೆ ಕಳೆದ ತಿಂಗಳುಗಳು ಈಗ ಅವಳ ಲೆಕ್ಕಕ್ಕೆ ಬಂದಿದ್ದವು.

ಸಾಕ್ಷಿಯಾಗಿ ಹಳೆಯ ರೈಟರ್ ಬಂದರು. ಖಾಕಿಯಿಲ್ಲದೆ, ಬಿಳಿ ಪೈಜಾಮದಲ್ಲಿ ಅವರು ಸಣ್ಣಗೆ ಕಂಡರು. ಕೋರ್ಟು ಕರೆಸಿದ್ದ ಉರ್ದು ಬಲ್ಲ ಮಾಸ್ತರರೊಬ್ಬರು ಪಕ್ಕದಲ್ಲಿ ನಿಂತು ಪುಟವನ್ನು ಇಣುಕಿ ನೋಡುತ್ತಿದ್ದಂತೆ ರೈಟರ್ ಕಚ್ಚಾ ಬುಕ್ಕಿನ ಆ ಕಲಮನ್ನು ಓದಿದರು. ತಾರೀಖು ಘಟನೆಯ ದಿನದ್ದೇ.

ವಕೀಲರು ಬಿಡಲಿಲ್ಲ. “ಇದು ನಿಮ್ಮ ಖಾಸಗಿ ಪುಸ್ತಕ. ಇದನ್ನು ಬಿಟ್ಟರೆ ಆಕೆ ಹನ್ನೊಂದು ತಿಂಗಳು ಸುಮ್ಮನಿದ್ದಳು. ಹೌದೋ ಅಲ್ಲವೋ?”

“ಆಕಿ ಸುಮ್ಮನಿದ್ದಿಲ್ರಿ,” ಎಂದರು ರೈಟರ್. “ಪ್ರತಿ ಸಂತಿಗೂ ಬಂದು ಕೇಳ್ಯಾಳ. ಸುಮ್ಮನಿದ್ದಾವ ನಾನು.”

ಅವಳು ಗೋಡೆಗೆ ಆತು ನಿಂತಿದ್ದಳು. ಸೆರಗನ್ನು ತಲೆಯ ಮೇಲಿಂದ ಸ್ವಲ್ಪ ಹಿಂದಕ್ಕೆ ಸರಿಸಿದಳು, ಸರಿಯಾಗಿ ಕೇಳಿಸಲೆಂಬಂತೆ.

ಮ್ಯಾಜಿಸ್ಟ್ರೇಟರು ಟೈಪಿಸ್ಟನ ಕಡೆ ತಿರುಗಿ ಹೇಳಿ ಬರೆಸಿದರು: ದೂರು ಕೊಡುವಲ್ಲಿ ವಿಳಂಬವಾಗಿಲ್ಲ. ವಿಳಂಬವಾದದ್ದು ದಾಖಲಿಸುವಲ್ಲಿ.